ಏಳು ತಿಂಗಳಲ್ಲಿ ಅರ್ಧ ಗಂಟೆ

1999ರ ಆಗಸ್ಟ್ ತಿಂಗಳು. ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಒಂದು ಸಣ್ಣ ಫ್ಲ್ಯಾಟು. ಸ್ಥಳೀಯ ಆಡಳಿತದ ಸಮಾಜ ಕಾರ್ಯಕರ್ತೆ ಬರುವುದು ಮನೆಯವರಿಗೆ ಮೊದಲೇ ಗೊತ್ತಿತ್ತು. ಅವರು ಒಳಗೆ ಕಾಲಿಟ್ಟಾಗ ಮನೆ ಒಪ್ಪವಾಗಿತ್ತು. ಏಳು ವರ್ಷದ ಹುಡುಗಿ ನೀಟಾಗಿ ಬಟ್ಟೆ ತೊಟ್ಟು ಗೊಂಬೆಯ ಜೊತೆ ಆಡುತ್ತಿದ್ದಳು. ಮುಖ ತಲೆಗಳ ಮೇಲೆ ಬಿಸಿನೀರು ಬಿದ್ದ ಗಾಯವೆಂದು ಆಸ್ಪತ್ರೆ ಸೇರಿದ್ದವಳು ಬಿಡುಗಡೆಯಾಗಿ ಹತ್ತು ದಿನವಾಗಿತ್ತಷ್ಟೆ. ಆದರೂ ಅಂದಿನ ಮಾತೆಲ್ಲ ನಡೆದದ್ದು ದೊಡ್ಡವರ ನಡುವೆ, ಅದೂ ಬಹುಪಾಲು ಬೇರೆ ಮನೆ ಕೊಡಿಸುವ ವಿಚಾರಕ್ಕೆ. ಹುಡುಗಿಯ ಪಾಲಿಗೆ ಸಿಕ್ಕಿದ್ದು ಒಂದು 'ಹಲೋ, ಹೇಗಿದ್ದೀಯ' ಮಾತ್ರ.

ಆ ಹುಡುಗಿಯ ಹೆಸರು ವಿಕ್ಟೋರಿಯಾ ಕ್ಲಿಂಬಿಯೆ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನವಳು. ಚೆನ್ನಾಗಿ ಓದಿಸುತ್ತೇನೆಂದು ನಂಬಿಸಿ ದೊಡ್ಡತ್ತೆಯ ವರಸೆಯ ಹೆಂಗಸೊಬ್ಬಳು ಅವಳನ್ನು ಯುರೋಪಿಗೆ ಕರೆತಂದಿದ್ದಳು. 2000ದ ಫೆಬ್ರುವರಿ 25ರಂದು ವಿಕ್ಟೋರಿಯಾ ಸತ್ತಾಗ ಎಂಟು ವರ್ಷ. ಮೈಮೇಲೆ 128 ಗಾಯದ ಗುರುತುಗಳಿದ್ದವು. ಕೊನೆಯ ಚಳಿಗಾಲದ ರಾತ್ರಿಗಳನ್ನು ಅವಳು ಕಸ ತುಂಬುವ ಪ್ಲಾಸ್ಟಿಕ್ ಚೀಲದೊಳಗೆ, ಸ್ನಾನದ ತೊಟ್ಟಿಯಲ್ಲಿ ಮಲಗಿ ಕಳೆದಿದ್ದಳು. ದೊಡ್ಡತ್ತೆಗೂ ಅವಳ ಸಂಗಾತಿಗೂ ಜೀವಾವಧಿ ಶಿಕ್ಷೆಯಾಯಿತು. ಅಲ್ಲಿಗೆ ಮುಗಿಯಿತು ಎಂದು ಬ್ರಿಟನ್ ಸುಮ್ಮನಾಗಲಿಲ್ಲ. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ಆಯೋಗ ಕೂತಿತು. 2003ರ ಜನವರಿಯಲ್ಲಿ ವರದಿ ಬಂತು. ನಾಲ್ಕು ಸಮಾಜ ಸೇವಾ ಇಲಾಖೆ, ಮೂರು ವಸತಿ ಇಲಾಖೆ, ಎರಡು ಆಸ್ಪತ್ರೆ, ಪೊಲೀಸರ ಎರಡು ಮಕ್ಕಳ ರಕ್ಷಣಾ ತಂಡ, ಒಂದು ಸ್ವಯಂಸೇವಾ ಕೇಂದ್ರ: ಇಷ್ಟು ಕಡೆ ಹುಡುಗಿಯ ಹೆಸರು ಬರೆದುಕೊಂಡಿದ್ದರು. ಕನಿಷ್ಠ ಹನ್ನೆರಡು ಸಲ ಅವಳನ್ನು ಉಳಿಸುವ ಅವಕಾಶವಿತ್ತು ಎಂದಿತು ವರದಿ.

ವರದಿಯಲ್ಲಿ 108 ಶಿಫಾರಸುಗಳಿದ್ದವು. ಆದರೆ ಓದಿದವರ ಮನಸ್ಸಿನಲ್ಲಿ ಕೂತದ್ದು ಒಂದು ಲೆಕ್ಕ. ವಿಕ್ಟೋರಿಯಾಳ ಹೊಣೆ ಹೊತ್ತ ಸಮಾಜ ಕಾರ್ಯಕರ್ತೆ ಏಳು ತಿಂಗಳಲ್ಲಿ ಅವಳನ್ನು ಕಂಡದ್ದು ನಾಲ್ಕು ಸಲ. ನಾಲ್ಕೂ ಸಲ ಸೇರಿ ಅವಳ ಜೊತೆ ಕಳೆದದ್ದು ಮೂವತ್ತು ನಿಮಿಷಕ್ಕಿಂತ ಕಡಿಮೆ. ವಿಕ್ಟೋರಿಯಾಳ ಭಾಷೆ ಫ್ರೆಂಚ್. ದುಭಾಷಿಯನ್ನು ಕೂರಿಸಿಕೊಂಡು ಅವಳೊಬ್ಬಳನ್ನೇ ಸಮಾಧಾನವಾಗಿ ಮಾತನಾಡಿಸುವ ಕೆಲಸ ಕೊನೆಗೂ ಆಗಲಿಲ್ಲ. ಕಜ್ಜಿ ಇದೆ ಎಂದು ಮೊದಲ ಆಸ್ಪತ್ರೆಯ ವೈದ್ಯರು ಬರೆದಿದ್ದರಿಂದ, ಅಂಟೀತು ಎಂಬ ಹೆದರಿಕೆಗೆ ಮನೆಭೇಟಿಯೂ ತಪ್ಪಿತು.

ಪತ್ರಿಕೆಗಳಿಗೆ ಒಂದು ಮುಖ ಬೇಕಿತ್ತು, ಸಿಕ್ಕಿತು. ಕಾರ್ಯಕರ್ತೆ ಕೆಲಸ ಕಳೆದುಕೊಂಡರು. ಮಕ್ಕಳ ಜೊತೆ ಕೆಲಸ ಮಾಡದಂತೆ ನಿಷೇಧವೂ ಬಿತ್ತು. 2005ರಲ್ಲಿ ನ್ಯಾಯಮಂಡಳಿ ಆ ನಿಷೇಧವನ್ನು ರದ್ದು ಮಾಡಿತು. ಆ ಸುದ್ದಿಗೆ ಮೊದಲಿನಷ್ಟು ದೊಡ್ಡ ಅಕ್ಷರಗಳು ಒದಗಲಿಲ್ಲ. ಅವರ ಮೇಜಿನ ಮೇಲೆ ಆಗ 19 ಕೇಸುಗಳಿದ್ದವು, ಅನುಭವ ಎಳೆಯದು, ಮೇಲ್ವಿಚಾರಣೆ ಹೆಸರಿಗಷ್ಟೆ. ಇದನ್ನು ಹೇಳಿದರೆ ತಪ್ಪನ್ನು ಮುಚ್ಚಿದಂತೆ ಕೇಳಿಸುತ್ತದೆ, ನಿಜ. ಆದರೂ ಹೇಳಲೇಬೇಕು. ಮುಂದಿನ ಇಪ್ಪತ್ತು ವರ್ಷ ಈ ವೃತ್ತಿಯ ಬಗ್ಗೆ ನಡೆದ ಸಂಶೋಧನೆ ಹುಡುಕುತ್ತಾ ಹೋದದ್ದು ಇದನ್ನೇ: ಮಗುವಿನ ಪಾಲಿನ ಸಮಯವನ್ನು ತಿಂದವರು ಯಾರು?

ಒಂದು ಉತ್ತರ ಕಂಪ್ಯೂಟರ್ ಪರದೆಯ ಮೇಲೇ ಇತ್ತು. ವಿಕ್ಟೋರಿಯಾ ಪ್ರಕರಣದ ನಂತರ ಇಂಗ್ಲೆಂಡ್ 2004ರಲ್ಲಿ ಹೊಸ ಮಕ್ಕಳ ಕಾಯ್ದೆ ತಂದಿತು. ಯಾವ ಮಗುವೂ ಕೈತಪ್ಪದಿರಲಿ ಎಂದು ಪ್ರತಿ ಹೆಜ್ಜೆಯನ್ನೂ ದಾಖಲಿಸುವ ಗಣಕ ವ್ಯವಸ್ಥೆ ಬಂತು. ಪ್ರಾಥಮಿಕ ತನಿಖೆ ಏಳು ಕೆಲಸದ ದಿನಗಳಲ್ಲಿ ಮುಗಿಯಬೇಕಿತ್ತು, ಮುಗಿಯದಿದ್ದರೆ ಪರದೆ ಎಚ್ಚರಿಸುತ್ತಿತ್ತು. ಸ್ಯೂ ವೈಟ್, ಕ್ಯಾರೆನ್ ಬ್ರಾಡ್‌ಹರ್ಸ್ಟ್, ಡೇವ್ ವಾಸ್ಟೆಲ್ ಮತ್ತು ಸಂಗಡಿಗರು ಇಂಥ ಕಚೇರಿಗಳಲ್ಲಿ ತಿಂಗಳುಗಟ್ಟಲೆ ಕೂತು ನೋಡಿದರು. ತಮ್ಮ ವೇಳೆಯ ನೂರಕ್ಕೆ 60ರಿಂದ 80 ಭಾಗ ಪರದೆಯ ಮುಂದೆಯೇ ಹೋಗುತ್ತದೆ ಎಂದು ಕಾರ್ಯಕರ್ತರು ಅವರಿಗೆ ಹೇಳಿದರು. ಗಡುವು ಮೀರಬಾರದಲ್ಲ, ಹಾಗಾಗಿ ತನಿಖೆಗೆ ಅಡ್ಡದಾರಿಗಳು ಹುಟ್ಟಿಕೊಂಡವು. ಮಗುವನ್ನು ಕಾಪಾಡಲೆಂದು ಮಾಡಿದ ನಮೂನೆ ಮಗುವಿಗೂ ಕಾರ್ಯಕರ್ತೆಗೂ ನಡುವೆ ಗೋಡೆಯಾಗಿ ನಿಂತಿತು.

ಇದು ನಡೆಯುತ್ತಿರುವಾಗಲೇ 2007ರ ಆಗಸ್ಟಿನಲ್ಲಿ, ವಿಕ್ಟೋರಿಯಾಳ ಹೊಣೆ ಹೊತ್ತಿದ್ದ ಅದೇ ಹ್ಯಾರಿಂಗೇ ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲಿ, ಹದಿನೇಳು ತಿಂಗಳ ಪೀಟರ್ ಎಂಬ ಕೂಸು ಸತ್ತಿತು. ಎಂಟು ತಿಂಗಳಲ್ಲಿ ಸುಮಾರು 60 ಸಲ ಬೇರೆ ಬೇರೆ ಇಲಾಖೆಗಳ ಸಿಬ್ಬಂದಿ ಅದನ್ನು ಕಂಡಿದ್ದರು. ಒಮ್ಮೆ ಮುಖದ ಗಾಯ ಕಾಣದಂತೆ ಚಾಕೊಲೇಟ್ ಮೆತ್ತಿದ್ದರಂತೆ. 60 ಭೇಟಿ ಎಂದರೆ ಸಂಖ್ಯೆಗೇನೂ ಕೊರತೆಯಿಲ್ಲ. ಯಾರಾದರೂ ಒದ್ದೆ ಬಟ್ಟೆ ತಂದು ಆ ಚಾಕೊಲೇಟ್ ಒರೆಸಿ ನೋಡಿದ್ದರೆ? ಒರೆಸಿ ನೋಡಲು ಬೇಕಾದ ಧೈರ್ಯ, ಪುರುಸೊತ್ತು, ಬೆನ್ನ ಹಿಂದೆ ನಿಲ್ಲುವ ಮೇಲಧಿಕಾರಿ, ಇವು ಯಾವ ನಮೂನೆಯಲ್ಲೂ ಬರುವುದಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರಾಧ್ಯಾಪಕಿ ಐಲೀನ್ ಮನ್ರೋ 2011ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಪ್ರತಿ ದುರಂತಕ್ಕೂ ಇನ್ನೊಂದು ನಿಯಮ ಸೇರಿಸುತ್ತಾ ಬಂದದ್ದರಿಂದ, ನಿಯಮ ಪಾಲಿಸಿದೆವೇ ಎಂದು ನೋಡಿಕೊಳ್ಳುವುದೇ ಕೆಲಸವಾಗಿದೆ, ಮಗುವಿಗೆ ಒಳ್ಳೆಯದಾಯಿತೇ ಎಂದು ಕೇಳುವುದು ಹಿಂದೆ ಬಿದ್ದಿದೆ ಎಂಬುದು ಅವರ ತಕರಾರು. ಅವರು 15 ಶಿಫಾರಸು ಮಾಡಿ ನಿಲ್ಲಿಸಿದರು.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹ್ಯಾರಿ ಫರ್ಗುಸನ್ ಇನ್ನೊಂದು ದಾರಿ ಹಿಡಿದರು. ಪ್ರಶ್ನಾವಳಿ ಹಂಚಿ ಕೂರುವ ಬದಲು ಕಾರ್ಯಕರ್ತರ ಹಿಂದೆಯೇ ಮನೆಗಳ ಒಳಗೆ ಹೋದರು. 87 ಭೇಟಿಗಳನ್ನು ಕಣ್ಣಾರೆ ಕಂಡು 2017ರಲ್ಲಿ ಅವರು ಬರೆದ ಪ್ರಬಂಧದ ಪ್ರಶ್ನೆ ನೇರವಾಗಿದೆ: ಎದುರಿಗೇ ಇರುವ ಮಗು ಕಾರ್ಯಕರ್ತೆಯ ಕಣ್ಣಿಗೆ ಬೀಳದೆ ಹೋಗುವುದು ಹೇಗೆ? ಹೆಚ್ಚಿನ ಭೇಟಿಗಳಲ್ಲಿ ಹಾಗಾಗಲಿಲ್ಲ. ನೆಲದ ಮೇಲೆ ಕೂತು ಆಟವಾಡಿ ಮಾತು ತೆಗೆಸುವ ಜಾಣ್ಮೆ ಬಹಳ ಜನಕ್ಕೆ ಇತ್ತು. ಕೆಲವು ಮನೆಗಳಲ್ಲಿ ಮಾತ್ರ, ಮಗು ಮೂರಡಿ ದೂರದಲ್ಲಿದ್ದರೂ ಯಾರೂ ಅದನ್ನು ಮುಟ್ಟಲಿಲ್ಲ, ಮಾತನಾಡಿಸಲಿಲ್ಲ. ಸಿಟ್ಟಾದ ತಂದೆ, ಅಳುವ ತಾಯಿ, ಗಿಜಿಗುಡುವ ಕೋಣೆ, ಮುಂದಿನ ಭೇಟಿಗೆ ಆಗಲೇ ತಡ. ಈ ಒತ್ತಡದಲ್ಲಿ ಕಾರ್ಯಕರ್ತೆಯ ತಲೆ ತುಂಬಿಹೋಗಿ, ಬಂದದ್ದು ಯಾರಿಗಾಗಿ ಎಂಬುದೇ ಜಾರಿಹೋಗುತ್ತದೆ. ಬೇರೆ ಮಗುವಿನ ಜೊತೆ ಸಲೀಸಾಗಿ ಬೆರೆತ ಕಾರ್ಯಕರ್ತೆಗೂ ಹೀಗಾಗಬಹುದು. ಆದ್ದರಿಂದ ಇವರು ಒಳ್ಳೆಯವರು, ಅವರು ಕೆಟ್ಟವರು ಎಂದು ವಿಂಗಡಿಸಿ ಕೈತೊಳೆದುಕೊಳ್ಳಲು ಈ ಸಂಶೋಧನೆ ಬಿಡುವುದಿಲ್ಲ.

ಫರ್ಗುಸನ್ ಅದಕ್ಕೂ ಮೊದಲು, 2009ರಲ್ಲಿ, ಬರೀ ಕಾರಿನ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದರು. ಕಾರ್ಯಕರ್ತೆ ಮಗುವನ್ನು ಕೂರಿಸಿಕೊಂಡು ಓಡಿಸುವ ಮಾಮೂಲಿ ಕಾರು. ಅಲ್ಲಿ ಯಾರೂ ಯಾರ ಮುಖವನ್ನೂ ದಿಟ್ಟಿಸಬೇಕಿಲ್ಲ, ಕಿಟಕಿಯಾಚೆ ನೋಡುತ್ತಾ ಮಾತನಾಡಬಹುದು. ಕಚೇರಿಯ ಕುರ್ಚಿಯಲ್ಲಿ ಬಾಯಿಬಿಡದ ಮಗು ದಾರಿಯಲ್ಲಿ ಎಲ್ಲವನ್ನೂ ಹೇಳಿಬಿಡುವುದುಂಟು. ನಮ್ಮ ಕಡೆ ಕಾರಿನ ಜಾಗದಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು, ನಡುವೆ ಎಲ್ಲೋ ಇಳಿದು ಕೊಡಿಸಿದ ಒಂದು ಪ್ಲೇಟ್ ಇಡ್ಲಿ ಇಟ್ಟುಕೊಂಡರೆ ಚಿತ್ರ ಪೂರ್ತಿಯಾಗುತ್ತದೆ.

ಸಮಯ ಕೊಡಬೇಕಾದರೆ ಕೊಡುವವರು ಮೊದಲು ಇರಬೇಕಲ್ಲ. ಅಮೆರಿಕದ ಸಂಶೋಧಕರು ಹೆಚ್ಚು ತಲೆ ಕೆಡಿಸಿಕೊಂಡದ್ದು ಈ ಇರುವಿಕೆಯ ಬಗ್ಗೆ. ಅಲ್ಲಿನ ಸಂಸತ್ತಿನ ಪರವಾಗಿ ಲೆಕ್ಕ ನೋಡುವ ಸಂಸ್ಥೆ 2003ರಲ್ಲಿ ಕೊಟ್ಟ ವರದಿಯ ಪ್ರಕಾರ ಮಕ್ಕಳ ಕಲ್ಯಾಣ ಕಾರ್ಯಕರ್ತರು ಸರಾಸರಿ ಎರಡು ವರ್ಷವೂ ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬರಿಗೆ 12ರಿಂದ 15 ಮಕ್ಕಳಿದ್ದರೆ ಸರಿ ಎಂದು ವೃತ್ತಿ ಸಂಘಟನೆ ಹೇಳುತ್ತಿದ್ದ ಕಾಲದಲ್ಲಿ ಸರಾಸರಿ ಹೊರೆ 24ರಿಂದ 31 ಮಕ್ಕಳದ್ದು. ಕೆಲವೆಡೆ ಒಬ್ಬರ ಹೆಗಲ ಮೇಲೆ 110 ಮಕ್ಕಳಿದ್ದರು.

ಇಂಥವರು ಬಿಟ್ಟು ಹೋದರೆ ಮಗುವಿಗೇನಾಗುತ್ತದೆ? ಇದಕ್ಕೆ ಉತ್ತರವಾಗಿ ಎಲ್ಲರೂ ಉಲ್ಲೇಖಿಸುವುದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಲೆಕ್ಕವನ್ನು. ಅಲ್ಲಿ ಕೋರ್ಟ್ ದಾವೆಯ ನಂತರ 1998ರಲ್ಲಿ ರಾಜ್ಯ ಸರ್ಕಾರವೇ ಮಕ್ಕಳ ಕಲ್ಯಾಣ ವ್ಯವಸ್ಥೆಯನ್ನು ಕೈಗೆ ತೆಗೆದುಕೊಂಡಿತ್ತು, ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಿತ್ತು. ಸಿಬ್ಬಂದಿ ಬಿಟ್ಟುಹೋಗುವುದು ವಿಪರೀತವಾದಾಗ ಒಂದು ಅಧ್ಯಯನ ನಡೆಯಿತು, 2005ರಲ್ಲಿ ವರದಿ ಬಂತು. ತಾತ್ಕಾಲಿಕ ಪಾಲನೆಯಿಂದ ಹೊರಬಂದು ಹೆತ್ತವರ ಮನೆಯನ್ನೋ ಬೇರೊಂದು ಕಾಯಂ ಮನೆಯನ್ನೋ ಸೇರುವುದು ಮಗುವಿನ ಗುರಿ. ಒಬ್ಬರೇ ಕಾರ್ಯಕರ್ತರನ್ನು ಕಂಡ ಮಕ್ಕಳ ವಿಷಯದಲ್ಲಿ ವರದಿ ಕೊಟ್ಟ ಅಂಕಿ ಶೇ 74.5. ಇಬ್ಬರನ್ನು ಕಂಡವರದು ಶೇ 17.5, ಮೂವರಾದರೆ ಶೇ 5.2, ನಾಲ್ವರಾದರೆ 2.2. ಆರೇಳು ಜನರನ್ನು ಕಂಡ ಮಕ್ಕಳದು ಶೇ 0.1.

ಎದೆಗೆ ನಾಟುವ ಅಂಕಿಗಳು. ಕಾರ್ಯಕರ್ತರು ಬದಲಾದರೆ ಮಗುವಿಗೆ ಮನೆ ಸಿಗುವ ಸಾಧ್ಯತೆ ನೂರಕ್ಕೆ 75ರಿಂದ 17ಕ್ಕೆ ಕುಸಿಯುತ್ತದೆ ಎಂದು ಭಾಷಣಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಇದನ್ನು ಉದುರಿಸುತ್ತಾರೆ. ಸ್ವಲ್ಪ ತಡೆದು ಇವನ್ನೆಲ್ಲ ಕೂಡಿ ನೋಡಿ. ಹೆಚ್ಚುಕಡಿಮೆ ನೂರಕ್ಕೆ ಬಂದು ನಿಲ್ಲುತ್ತದೆ. ಅಂದರೆ ಇದು ಪ್ರತಿ ಗುಂಪಿನ ಮಗುವಿಗೆ ಇರುವ ಅವಕಾಶದ ಲೆಕ್ಕದಂತೆ ಕಾಣುವುದಿಲ್ಲ. ಮನೆ ಸೇರಿದ ಮಕ್ಕಳೆಲ್ಲ ಎಷ್ಟೆಷ್ಟು ಕಾರ್ಯಕರ್ತರನ್ನು ಕಂಡಿದ್ದರು ಎಂಬ ಹಂಚಿಕೆಯಂತೆ ಕಾಣುತ್ತದೆ. ಬೇಗ ಮನೆ ಸೇರಿದ ಮಗು ಒಬ್ಬರನ್ನೇ ನೋಡಿರುತ್ತದೆ, ವರ್ಷಗಟ್ಟಲೆ ಉಳಿದ ಮಗು ಸಹಜವಾಗಿ ಹಲವರನ್ನು ನೋಡುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇದೊಂದರಿಂದಲೇ ತೀರ್ಮಾನವಾಗದು. ಒಳ್ಳೆಯ ಕೆಲಸದ ಪರವಾಗಿ ದುರ್ಬಲ ಅಂಕಿ ಹಿಡಿದು ವಾದಿಸಿದರೆ, ಹಣಕಾಸು ಇಲಾಖೆಯ ಚುರುಕು ಅಧಿಕಾರಿಯೊಬ್ಬರು ಒಂದೇ ನಿಮಿಷದಲ್ಲಿ ಅದನ್ನು ತಳ್ಳಿಹಾಕಬಲ್ಲರು. ಅದಕ್ಕೇ ಇಷ್ಟು ಕೊರೆದದ್ದು.

ಅಂಕಿ ಹಾಗಿರಲಿ, ಮಕ್ಕಳೇ ಏನನ್ನುತ್ತಾರೆ? ಜೆಸಿಕಾ ಸ್ಟ್ರೋಲಿನ್-ಗೋಲ್ಟ್ಜ್‌ಮನ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಲನಾ ವ್ಯವಸ್ಥೆಯಲ್ಲಿ ಬೆಳೆದ ಹದಿಹರೆಯದವರನ್ನೇ ಕೇಳಿದರು. ನೆಲೆ ತಪ್ಪಿದಂತಾಗುತ್ತದೆ, ನಂಬಿಕೆ ಕಡಿದುಹೋಗುತ್ತದೆ ಎಂದವರು ಹೆಚ್ಚು. ಹೊಸಬರು ಬಂದಾಗಲೆಲ್ಲ ಅದೇ ಕಥೆಯನ್ನು, ಯಾರು ಹೊಡೆದರು, ಎಲ್ಲಿ ಹೊಡೆದರು ಎಂಬುದನ್ನು ಮೊದಲಿನಿಂದ ಹೇಳಬೇಕಲ್ಲ. ಆದರೆ ಯಾರೂ ನಿರೀಕ್ಷಿಸದ ಒಂದು ಮಾತೂ ಬಂತು: ಕೆಲವೊಮ್ಮೆ ಹೊಸ ಕಾರ್ಯಕರ್ತೆ ಎಂದರೆ ಇನ್ನೊಂದು ಅವಕಾಶ. ಹಳಬರಿಗೆ ತನ್ನ ಮೇಲೆ ಕೂತುಹೋದ ಅಭಿಪ್ರಾಯ ಹೊಸಬರಿಗೆ ಇರುವುದಿಲ್ಲ. ಎಲ್ಲರೂ ಎಲ್ಲ ಕಾಲಕ್ಕೂ ಉಳಿಯಲೇಬೇಕೆಂದು ಮಕ್ಕಳೇನೂ ಹಟ ಹಿಡಿದಿಲ್ಲ.

ಬಿಟ್ಟು ಹೋಗಲು ಸಂಬಳವೊಂದೇ ಕಾರಣವಲ್ಲ. ದಿನವೂ ಕೇಳುವ ಹಿಂಸೆಯ ಕಥೆ ಕೇಳುವವರ ಮೈಗೂ ಇಳಿಯುತ್ತದೆ. ಬ್ರಯನ್ ಬ್ರೈಡ್ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 282 ಸಮಾಜ ಕಾರ್ಯಕರ್ತರ ಪೈಕಿ ನೂರಕ್ಕೆ ಸುಮಾರು 15 ಮಂದಿಗೆ, ಸ್ವತಃ ಆಘಾತ ಅನುಭವಿಸಿದವರಲ್ಲಿ ಕಾಣುವ ಕಾಯಿಲೆಯ ಮುಖ್ಯ ಲಕ್ಷಣಗಳಿದ್ದವು. ನಿದ್ದೆ ಬಾರದಿರುವುದು, ಕೇಳಿದ ದೃಶ್ಯ ಕಣ್ಣಮುಂದೆ ಬರುವುದು, ಕೊನೆಗೆ ಏನೂ ಅನ್ನಿಸದೆ ಮರಗಟ್ಟುವುದು.

ಈ ಎಲ್ಲ ಅಧ್ಯಯನಗಳಲ್ಲಿ ಹೆಚ್ಚು ಯೋಚನೆಗೆ ಹಚ್ಚುವಂಥದ್ದು ಟೆನೆಸಿ ರಾಜ್ಯದ್ದು. ಚಾರ್ಲ್ಸ್ ಗ್ಲಿಸನ್ ಮತ್ತು ಆಂಥನಿ ಹೆಮ್ಮೆಲ್‌ಗಾರ್ನ್ ಅಲ್ಲಿನ 32 ಕಚೇರಿಗಳಲ್ಲಿ 250 ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ 1998ರಲ್ಲಿ ಬರೆದರು. ಇಲಾಖೆಗಳ ನಡುವೆ ಸಮನ್ವಯ ಸಾಧಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲ ದೇಶದ ಸರ್ಕಾರಗಳಿಗೂ ಇದೆ. ನಮ್ಮಲ್ಲಂತೂ ಸಮನ್ವಯ ಸಮಿತಿ ಇಲ್ಲದ ವಿಷಯವೇ ಇಲ್ಲ. ಟೆನೆಸಿಯಲ್ಲಿ ಮಕ್ಕಳ ಸುಧಾರಣೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ಕಚೇರಿಯ ಒಳಗಿನ ಹವೆ. ಜಗಳ ಕಡಿಮೆಯಿದ್ದು, ತನ್ನ ಪಾತ್ರ ಏನೆಂಬುದು ಪ್ರತಿಯೊಬ್ಬರಿಗೂ ಸ್ಪಷ್ಟವಿದ್ದು, ಪರಸ್ಪರ ಸಹಕಾರವಿದ್ದ ಕಚೇರಿಗಳ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಇಲಾಖೆಗಳ ನಡುವಿನ ಸಮನ್ವಯದ ಏರ್ಪಾಡು ಸೇವೆಯ ಗುಣಮಟ್ಟವನ್ನು ಕುಗ್ಗಿಸಿದ್ದೂ ಕಂಡಿತು. ಯಾರೋ ನೋಡಿಕೊಳ್ಳುತ್ತಾರೆ ಎಂಬ ಭಾವನೆ ಬಂದರೆ ಹಾಗಾಗುವುದು ಅಚ್ಚರಿಯಲ್ಲ.

ಲಂಡನ್ನಿನ ಹ್ಯಾಕ್ನಿ ಆಡಳಿತ ಕಚೇರಿಯ ಒಳಗಿನ ಸಹಕಾರವನ್ನು ಇನ್ನೊಂದು ಬಗೆಯಲ್ಲಿ ಪ್ರಯೋಗಿಸಿತು. ಸ್ಟೀವ್ ಗುಡ್‌ಮನ್ ಮತ್ತು ಇಸಬೆಲ್ ಟ್ರೌಲರ್ ಎಂಬ ಅಧಿಕಾರಿಗಳು ಕೇಸನ್ನು ಒಬ್ಬರ ತಲೆಗೆ ಕಟ್ಟುವ ಪದ್ಧತಿ ಬಿಟ್ಟು ಸಣ್ಣ ಸಣ್ಣ ತಂಡ ಕಟ್ಟಿದರು. ಅನುಭವಿ ಮುಖ್ಯಸ್ಥೆ, ಇನ್ನೊಬ್ಬ ಸಮಾಜ ಕಾರ್ಯಕರ್ತೆ, ಮಕ್ಕಳ ಜೊತೆಗೇ ಕೆಲಸ ಮಾಡುವವರು ಒಬ್ಬರು, ಅರೆಕಾಲಿಕ ಚಿಕಿತ್ಸಕರು. ಮುಖ್ಯವಾಗಿ, ಫೋನು, ದಾಖಲೆ, ದಿನಾಂಕ ಇವನ್ನೆಲ್ಲ ನೋಡಿಕೊಳ್ಳಲು ಒಬ್ಬ ಸಂಯೋಜಕಿ. ಎಲ್ಲ ಮಕ್ಕಳೂ ಎಲ್ಲರಿಗೂ ಗೊತ್ತು, ಒಬ್ಬರು ರಜೆ ಹಾಕಿದರೂ ಮಗುವಿಗೆ ಪರಿಚಯದ ಮುಖ ಇದ್ದೇ ಇರುತ್ತದೆ. 2010ರ ಮೌಲ್ಯಮಾಪನದಲ್ಲಿ ಸಿಬ್ಬಂದಿ ಅನಾರೋಗ್ಯದ ರಜೆ ಹಾಕುವ ದಿನಗಳು ಅರ್ಧಕ್ಕಿಂತ ಹೆಚ್ಚು ಇಳಿದಿದ್ದವು, ಖರ್ಚೂ ತುಸು ಇಳಿದಿತ್ತು. ಮನ್ರೋ ಶಿಫಾರಸಿನಂತೆ ಇಂಗ್ಲೆಂಡಿನಲ್ಲಿ ಮುಖ್ಯ ಸಮಾಜ ಕಾರ್ಯಕರ್ತರ ಹುದ್ದೆ ಹುಟ್ಟಿದಾಗ, 2013ರಲ್ಲಿ ಮಕ್ಕಳ ವಿಭಾಗಕ್ಕೆ ಬಂದವರು ಇದೇ ಟ್ರೌಲರ್.

ಈಗ ನಮ್ಮ ಜಿಲ್ಲೆಗಳ ಕಡೆ. ಭಾರತದಲ್ಲಿ ಸಮಾಜ ಕಾರ್ಯದ ಶಿಕ್ಷಣ 1936ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯಿಂದ ಶುರುವಾಯಿತು. 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು. ಇಂದು ಎಂಎಸ್‌ಡಬ್ಲ್ಯು, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ, ಇಲ್ಲದ ವಿಶ್ವವಿದ್ಯಾಲಯ ಹುಡುಕುವುದು ಕಷ್ಟ. ಆಪತ್ತಿನಲ್ಲಿರುವ ಮಕ್ಕಳಿಗೆಂದು 1098 ಸಹಾಯವಾಣಿ ಹುಟ್ಟಿದ್ದೂ ಅದೇ ಟಾಟಾ ಸಂಸ್ಥೆಯ ಅಂಗಳದಲ್ಲಿ, 1996ರಲ್ಲಿ. 'ದಸ್ ನೌ ಆಠ್' ಎಂದು ಎಣಿಕೆಯಂತೆ ನೆನಪಿಡಲು ಸುಲಭ ಎಂದು ಬೀದಿ ಮಕ್ಕಳೇ ಆ ಹೆಸರು ಹಿಡಿದರು. ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದ ಆ ಸೇವೆ 2023ರಲ್ಲಿ ಸರ್ಕಾರದ ಕೈಗೆ ಬಂತು.

ಕಾನೂನಿನಲ್ಲಿ ಕೊರತೆ ಹುಡುಕಬೇಕಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹದಿನೈದು ದಿನದಲ್ಲಿ ಸಾಮಾಜಿಕ ತನಿಖಾ ವರದಿ ಬರಬೇಕು. ಕಚೇರಿಯ ಮಾತಿನಲ್ಲಿ ಇದು ಎಸ್‌ಐಆರ್. ಮನೆಗೆ ಹೋಗಿ, ಅಕ್ಕಪಕ್ಕ ವಿಚಾರಿಸಿ, ಶಾಲೆಗೆ ಹೋಗಿ, ಮಗುವನ್ನು ಕೇಳಿ ಬರೆಯಬೇಕಾದ ವರದಿ. ಸಮಿತಿ ಮಗುವನ್ನು ತಾಯಿಯ ಜೊತೆ ಕಳಿಸಬೇಕೋ ಬಾಲಮಂದಿರದಲ್ಲಿ ಇರಿಸಬೇಕೋ ಎಂದು ನಿರ್ಧರಿಸುವುದು ಹೆಚ್ಚಾಗಿ ಈ ಹಾಳೆಗಳ ಮೇಲೆ.

ಆ ಹಾಳೆ ಬರೆಯುವವರು ಯಾರು? 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆ, ಈಗಿನ ಹೆಸರಿನಲ್ಲಿ ಮಿಷನ್ ವಾತ್ಸಲ್ಯ, ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ ಕೊಟ್ಟಿತು. ಮೂಲ ಮಾದರಿಯಲ್ಲಿ ಹನ್ನೆರಡು ಹುದ್ದೆ. ಲೆಕ್ಕಿಗರು, ದತ್ತಾಂಶದವರು, ಕಾನೂನು ನೋಡುವವರು ಎಲ್ಲ ಸೇರಿ. ಊರೂರು ತಿರುಗಬೇಕಾದ ಸಮಾಜ ಕಾರ್ಯಕರ್ತರು ಇಬ್ಬರು, ಔಟ್‌ರೀಚ್ ವರ್ಕರ್ ಇಬ್ಬರು. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ, ಬೆಳಗಾವಿಯದು 47 ಲಕ್ಷಕ್ಕೂ ಹೆಚ್ಚು. ಈ ಹುದ್ದೆಗಳಲ್ಲಿ ಬಹುಪಾಲು ಗುತ್ತಿಗೆಯವು, ಒಟ್ಟು ಸಂಭಾವನೆಯವು. ಬೇರೆ ಇಲಾಖೆಯಲ್ಲಿ ಕಾಯಂ ಕೆಲಸ ಸಿಕ್ಕಿದ ದಿನ ಎದ್ದು ಹೋಗುವುದು ಅಪರಾಧವೇನಲ್ಲ. ಇನ್ನು ಕ್ಷೇತ್ರಕಾರ್ಯಕ್ಕೆಂದು ಬಾಲಮಂದಿರಕ್ಕೆ ಬರುವ ಎಂಎಸ್‌ಡಬ್ಲ್ಯು ಹುಡುಗಿಯರು ಪರೀಕ್ಷೆ ಹತ್ತಿರ ಬಂದಂತೆ ಮಾಯವಾಗುತ್ತಾರೆ. ಮಕ್ಕಳು ಅವರೆಲ್ಲರನ್ನೂ 'ಅಕ್ಕ' ಎನ್ನುತ್ತವೆ. ಹೋದ ಅಕ್ಕ ಯಾರು, ಬಂದ ಅಕ್ಕ ಯಾರು ಎಂದು ಲೆಕ್ಕ ಇಡುವವರೂ ಅವೇ.

ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಿಗುವ ಮಗು ಭೋಜಪುರಿಯನ್ನೋ ಒಡಿಯಾವನ್ನೋ ಆಡುತ್ತಿರುತ್ತದೆ. ವಿಕ್ಟೋರಿಯಾಳ ಫ್ರೆಂಚ್ ಇಲ್ಲಿ ನೆನಪಾಗುತ್ತದೆ. ಹದಿನೈದು ದಿನದ ಗಡುವು ಒಳ್ಳೆಯದೇ. ಆದರೆ ದುಭಾಷಿ ಬೇಕು, ಬಸ್ಸಿನ ಖರ್ಚು ಬೇಕು, ಒಮ್ಮೆ ಹೋದಾಗ ಬೀಗ ಹಾಕಿದ್ದ ಮನೆಗೆ ಎರಡನೇ ಸಲ ಹೋಗುವಷ್ಟು ಬಿಡುವು ಬೇಕು. ಇವಿಲ್ಲದಿದ್ದರೆ ಇಂಗ್ಲೆಂಡಿನ ಏಳು ದಿನದ ಗಡುವಿಗೆ ಆದದ್ದೇ ಇಲ್ಲೂ ಆಗುತ್ತದೆ. ಕಾಲಂ ತುಂಬಿರುತ್ತದೆ, ಮಗು ಹಾಗೇ ಇರುತ್ತದೆ.

ಮಿಲ್ವಾಕಿಯವರು ಎಣಿಸಿದ್ದನ್ನು, ಅವರಿಗಿಂತ ಸ್ವಲ್ಪ ಹುಷಾರಾಗಿ, ನಮ್ಮ ಜಿಲ್ಲೆಗಳಲ್ಲಿ ಎಣಿಸುವುದು ಕಷ್ಟದ ಕೆಲಸವಲ್ಲ. ಒಂದೇ ದಿನ ದಾಖಲಾದ ಮಕ್ಕಳನ್ನು ತೆಗೆದುಕೊಂಡು, ಪ್ರತಿ ಕಡತದಲ್ಲಿ ಎಷ್ಟು ಬಗೆಯ ಸಹಿಗಳಿವೆ, ಪ್ರತಿ ಸಹಿಗೂ ಮುಂದಿನದಕ್ಕೂ ನಡುವೆ ಎಷ್ಟು ತಿಂಗಳು ಖಾಲಿ ಬಿದ್ದಿವೆ ಎಂದು ನೋಡಿದರೆ ಸಾಕು. ಮಕ್ಕಳ ಹೆಸರು ಹೊರಗೆ ಬಾರದಂತೆ ಸಮಿತಿಯ ಅನುಮತಿ ಪಡೆದು ಒಬ್ಬ ಎಂಎಸ್‌ಡಬ್ಲ್ಯು ವಿದ್ಯಾರ್ಥಿ ಮಾಡಿ ಮುಗಿಸಬಹುದಾದ ಕಿರುಪ್ರಬಂಧ ಇದು. ಮಾರ್ಗದರ್ಶಕರು ಮನಸ್ಸು ಮಾಡಲಿ.

ಓದುಗರಿಗೂ ಒಂದು ಕೆಲಸವಿದೆ. ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ನಾಲ್ಕು ಸಾಲಿನ ಸುದ್ದಿ ಬರುತ್ತದೆ: 'ಮಕ್ಕಳ ರಕ್ಷಣಾ ಘಟಕದಲ್ಲಿ ಖಾಲಿ ಇರುವ ಹುದ್ದೆಗೆ ಗುತ್ತಿಗೆ ಆಧಾರದ ಮೇಲೆ ಅರ್ಜಿ ಆಹ್ವಾನ.' ಮುಂದಿನ ಸಲ ಅದು ಕಣ್ಣಿಗೆ ಬಿದ್ದಾಗ ಅರ್ಹತೆಯನ್ನು ಓದಿ ಪುಟ ತಿರುವಬೇಡಿ. ಆ ಹುದ್ದೆ ಎಷ್ಟು ತಿಂಗಳಿಂದ ಖಾಲಿಯಿತ್ತು, ಹಿಂದೆ ಇದ್ದವರು ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು ಎಂದು ಜಿಲ್ಲಾ ಕಚೇರಿಗೆ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.